ಮೂರನೇ ಇಯತ್ತೆಯ ದೊಡ್ಡಾಕಿ

ಮಗಳ ಎಡಗಡೆಯ ಎದೆಯಲ್ಲಿ ಕಡಲೆಬೇಳೆಯಷ್ಟು ಗಂಟು ನನ್ನ ಕೈಗೆ ಹತ್ತಿದ್ದು ಒಂದು ರವಿವಾರ, ಎಣ್ಣೆ ಹಚ್ಚಿ ಎರೆಯುವಾಗ. ಆಗ ಅವಳಿಗೆ ಏಳೂವರೆ ವರ್ಷ, ಎರಡನೇ ಇಯತ್ತೆ. ಮುಂದಿನ ಹಾಲುಹಲ್ಲು ಬಿದ್ದು ಹೊಸವು ಗರಗಸದ ಅಂಚಿನಂತೆ ಮೂಡುತ್ತಿದ್ದವು.

"ಒತ್ತಬ್ಯಾಡ ಮಮ್ಮಿ, ನೋಯ್ತದ" ಎಂದಳು.

ಕೈ ತೆಗೆದೆ. ಮರುದಿನ ಪೇಟೆಗೆ ಹೋಗಿ ಮೂರು ಬಿಗಿ ಶಮೀಜು ತಂದು ಯೂನಿಫಾರ್ಮಿನ ಒಳಗೆ ತೊಡಿಸಿದೆ. ಎಂಟು ತಿಂಗಳು ನಾನು ಮಾಡಿದ್ದು ಅಷ್ಟೇ.

ನಾನು ಕಲಿತ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕರವಸ್ತ್ರದ ಅಂಚು ಮಡಚಿ ಹೊಲಿಯುವುದನ್ನು ಕಲಿಸಿದ್ದರು, ಬಾಗಿಲನ್ನು ಸದ್ದಾಗದಂತೆ ಹಾಕುವುದನ್ನು ಕಲಿಸಿದ್ದರು. ಮೈಯ ಪಾಠ ಬಂದಾಗ ಮಾತ್ರ ಮನೆಯಲ್ಲಿ ಓದಿಕೊಳ್ಳಿ ಎಂದಿದ್ದರು. ಮನೆಯಲ್ಲಿ ಯಾರೂ ಓದಿಸಲಿಲ್ಲ. ಗಂಡನಿಗೆ ಈ ವಿಷಯ ಯಾವ ಶಬ್ದದಿಂದ ಹೇಳಬೇಕೆಂದು ನನಗೆ ಖರೆ ಗೊತ್ತಿರಲಿಲ್ಲ. ಸಣ್ಣ ಸಣ್ಣದೆಲ್ಲ ಕಣ್ಣಿಗೆ ಬೀಳುತ್ತಿತ್ತು. ಅವಳ ಬೆವರಿಗೆ ದೊಡ್ಡವರ ವಾಸನೆ ಬಂದಿತ್ತು. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಮುಂದಿನಿಂದ ಮೂರನೆಯವಳಾಗಿ ನಿಲ್ಲುತ್ತಿದ್ದವಳು ಈಗ ಎಲ್ಲರಿಗಿಂತ ಹಿಂದೆ ನಿಲ್ಲುತ್ತಿದ್ದಳು. ನಮ್ಮತ್ತೆ, ಮಗಳ ಆಯಿ, "ನಮ್ಮ ಮನಿತನದ ಎತ್ತರ ಬಂದದ ನೋಡು" ಎಂದು ದೃಷ್ಟಿ ತೆಗೆಯುತ್ತಿದ್ದರು.

ಕಂಕುಳಲ್ಲಿ ಕೂದಲು ಕಂಡ ದಿನ ಧೈರ್ಯ ಮಾಡಿ ದವಾಖಾನೆಗೆ ಕರೆದೊಯ್ದೆ. ಡಾಕ್ಟರರು ಹೆಣ್ಣುಮಗಳು, ನನಗಿಂತ ಸಣ್ಣವರು. ಮಗಳ ಕೈಯ ಎಕ್ಸ್-ರೇ ತೆಗೆಸಿ ಬೆಳಕಿಗೆ ಹಿಡಿದರು.

"ವಯಸ್ಸು ಎಂಟು ಅಂತೀರಿ. ಎಲುಬಿಗೆ ಹನ್ನೊಂದು ಆಗ್ಯಾವ್ರಿ."

ಆಮೇಲೆ ಪ್ರಶ್ನೆಗಳು. ಬಿಸಿ ಸಾರು ಪ್ಲಾಸ್ಟಿಕ್ ಡಬ್ಬಿಗೆ ಹಾಕ್ತೀರೇನು? ಮನೆಯಲ್ಲಿ ಹೊಲ, ತೋಟ ಇದೆಯೇನು? ಔಷಧ ಹೊಡೆಯುವಾಗ ಮಕ್ಕಳು ಹತ್ತಿರ ಇರುತ್ತಾರೇನು? ನಾನು ಒಂದೊಂದಕ್ಕೂ ಹೌದೆಂದು ತಲೆ ಆಡಿಸುತ್ತ ಹೋದೆ.

"ಕೆಲವು ರಾಸಾಯನಿಕ ಇರ್ತಾವ್ರಿ, ಮೈಯಾಗ ಹೋಗಿ ಹಾರ್ಮೋನಿನ ಸೋಗು ಹಾಕ್ತಾವ. ಮೈಗೆ ಗುರುತು ಸಿಗೂದಿಲ್ಲ, ಹೇಳಿದ್ದು ಕೇಳ್ತದ. ನಿಮ್ಮ ಮಗಳಿಗೆ ಅದರಿಂದನ ಆಗೇದ ಅಂತ ನಾ ಹೇಳಂಗಿಲ್ಲ. ಯಾರಿಗೂ ಹೇಳಾಕ ಬರಂಗಿಲ್ಲ. ಆದ್ರ ಮೂರು ತಿಂಗಳಿಗೊಂದು ಇಂಜೆಕ್ಷನ್ ಕೊಟ್ರ ಇದನ್ನ ತಡದು ನಿಲ್ಲಸಬಹುದು. ಮುಟ್ಟಾಗೂದರೊಳಗ ಸುರು ಮಾಡಿದ್ರ ಚೊಲೊ."

ಮನೆಗೆ ಬಂದು ಮೊದಲ ಸಲ ಬಾಯಿಬಿಟ್ಟೆ. ಅತ್ತೆ ಸೊಪ್ಪು ಸೋಸುತ್ತಿದ್ದವರು ಕೈ ನಿಲ್ಲಿಸಿದರು.

"ದೇವರು ಕೊಡೂದನ್ನ ಸೂಜಿ ಹಾಕಿ ತಡೀತೀಯೇನವಾ? ನಾಳೆ ಮಕ್ಕಳಾಗಲಿಲ್ಲಂದ್ರ ಆ ಡಾಕ್ಟರ್ ಬಂದು ಹಡೀತಾಳೇನು?"

ನಮ್ಮ ಮನೆಯವರು ಪೇಪರಿನ ಹಿಂದಿನಿಂದಲೇ "ವಿಚಾರ ಮಾಡೂಣು" ಎಂದರು. ಎಳ್ಳಮಾವಾಸ್ಯೆಗೆ ಹೇಗೂ ಶಿರೂರಿಗೆ, ಅವರ ತಮ್ಮನ ಹೊಲಕ್ಕೆ, ಹೋಗುವುದಿತ್ತು. ತಮ್ಮನನ್ನೂ ಕೇಳಿ ಹೇಳುತ್ತೇನೆ ಎಂದರು. ತಮ್ಮನಿಗೆ ದಾಳಿಂಬೆ ಬೆಳೆಯುವ ಬಗ್ಗೆ ಬಹಳ ಗೊತ್ತು.

ಎಳ್ಳಮಾವಾಸ್ಯೆಯ ದಿನ ಎಲ್ಲರೂ ಬುತ್ತಿ ಕಟ್ಟಿಕೊಂಡು ಮೈದುನನ ಹೊಲಕ್ಕೆ ಹೋದೆವು. ನಮ್ಮ ಕಡೆ ಅಂದು ಬಸುರಿಗೆ ಉಡಿ ತುಂಬಿದ ಹಾಗೆ ಭೂಮಿಗೆ ಪೂಜೆ. ಸಜ್ಜೆ ರೊಟ್ಟಿ, ಕಡುಬು, ಬದನೆಕಾಯಿ ಪಲ್ಯ ಎಲ್ಲವನ್ನೂ ಕಲಸಿ ಬೆಳೆಯ ಮೇಲೆ ಚರಗ ಚೆಲ್ಲಿದರು. ಊಟಕ್ಕೆ ಕೂತಾಗ ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಐದು ಲೀಟರಿನ ಬಿಳಿ ಕ್ಯಾನಿನಿಂದ ಮಜ್ಜಿಗೆ ಬಗ್ಗಿಸತೊಡಗಿದಳು. ಕ್ಯಾನಿನ ಬದಿಯಲ್ಲಿ ಕೆರೆದು ತೆಗೆದ ಕಾಗದದ ಉಳಿಕೆ ಅಂಟಿತ್ತು. ಆ ಉಳಿಕೆಯಲ್ಲಿ ಅರ್ಧ ಕೆಂಪು ತ್ರಿಕೋನ, ತಲೆಬುರುಡೆಯ ಒಂದು ಕಣ್ಣು.

"ಇದು ಗಿಡಕ್ಕ ಹೊಡಿಯೋ ಔಷಧದ ಕ್ಯಾನಲ್ಲೇನು?"

"ಹೌದ್ರಿ ಅಕ್ಕಾರ. ಇದರಂಥಾ ಮುಚ್ಚಳ ಯಾವುದಕ್ಕೂ ಇಲ್ಲ ನೋಡ್ರಿ. ಟ್ರ್ಯಾಕ್ಟರ್ ಎಷ್ಟು ಕುಣಿದ್ರೂ ಒಂದು ಹನಿ ಚೆಲ್ಲೂದಿಲ್ಲ. ಬೂದಿ, ಹುಣಸಿಹಣ್ಣು ಹಾಕಿ ಮೂರು ಸರ್ತಿ ತೊಳದೇನಿ. ಬೇಕಂದ್ರ ಮೂಸಿ ನೋಡ್ರಿ!"

ಮೈದುನ ನಕ್ಕ. "ವೈನಿ, ನಿಮ್ಮ ಕಾನ್ವೆಂಟ್ ಸಾಲ್ಯಾಗ ಡಬ್ಬಿ ಓದೂದನ್ನೂ ಕಲಿಸ್ಯಾರೇನ್ರಿ? ಹತ್ತು ವರ್ಷಾತು ಇದರಾಗನ ಕುಡ್ಯಾಕ ಹತ್ತೀವಿ. ಯಾರರ ಸತ್ತಾರೇನು?"

ಯಾರೂ ಸತ್ತಿರಲಿಲ್ಲ. ಅದೇ ತೊಂದರೆ. ನಾನು ಬಸುರಿಯಿದ್ದಾಗ ಬಯಕೆಯೆಂದು ನವನಗರದ ನಮ್ಮ ಮನೆಗೆ ಕಳಿಸುತ್ತಿದ್ದ ಮಜ್ಜಿಗೆ ಬರುತ್ತಿದ್ದುದು ಇಂಥದೇ ಕ್ಯಾನಿನಲ್ಲಿ. ಪ್ರೀತಿಯಿಂದಲೇ ಕಳಿಸುತ್ತಿದ್ದರು. ಖಾಲಿ ಕ್ಯಾನು ತೊಳೆದು ವಾಪಸು ಕಳಿಸಿದವಳು ನಾನು. ಚೀಟಿ ಅಂಟಿದ್ದ ಜಾಗ ಜಿಗುಟಾಗಿದೆಯೆಂದು ಸೀಮೆಎಣ್ಣೆ ಹಚ್ಚಿ ಉಜ್ಜಿದವಳೂ ನಾನೇ.

ಮಗಳ ಲೋಟ ಕಸಿದು ಮಣ್ಣಿಗೆ ಚೆಲ್ಲಿದೆ. ನೆಗೆಣ್ಣಿಯ ಮುಖ ಸಣ್ಣದಾಯಿತು. ಹಬ್ಬದ ದಿನ ಅವಳ ಮನಸ್ಸು ನೋಯಬಾರದೆಂದು ನನ್ನ ಲೋಟವನ್ನು ಎತ್ತಿ ಪೂರ್ತಿ ಕುಡಿದೆ. ಚೆನ್ನಾಗಿತ್ತು. ಒಗ್ಗರಣೆಯಲ್ಲಿ ಜೀರಿಗೆ ಸ್ವಲ್ಪ ಹೆಚ್ಚಾಗಿತ್ತು.

ಮರಳಿ ಬರುವಾಗ ಇಂಜೆಕ್ಷನ್ನಿನ ಮಾತು ಎತ್ತಿದೆ. "ಕೇಳೀನಿ. ಅವನೂ ವಿಚಾರ ಮಾಡ್ರಿ ಅಂದ" ಎಂದರು ನಮ್ಮ ಮನೆಯವರು.

ವಿಚಾರ ನಡೆದೇ ಇತ್ತು. ಒಂದೂವರೆ ತಿಂಗಳ ನಂತರ ಒಂದು ಮಧ್ಯಾಹ್ನ ಶಾಲೆಯಿಂದ ಫೋನ್ ಬಂತು. ಹೋದಾಗ ಮಗಳು ಆಫೀಸಿನ ಹೊರಗಿನ ಬೆಂಚಿನ ತುದಿಯಲ್ಲಿ ಸ್ವೆಟರನ್ನು ಸೊಂಟಕ್ಕೆ ಕಟ್ಟಿಕೊಂಡು ಕೂತಿದ್ದಳು. ನನ್ನನ್ನು ಕಂಡವಳೇ ಎದ್ದು ನಿಂತಳು.

"ಮಮ್ಮಿ, ನಾ ಓಡ್ಯಾಡಿಲ್ಲ. ಬಿದ್ದಿಲ್ಲ. ದೇವರಾಣಿ ಬಿದ್ದಿಲ್ಲ."

ಎಲ್ಲೋ ಬಿದ್ದು ಗಾಯ ಮಾಡಿಕೊಂಡಿದ್ದಕ್ಕೆ ಬೈಯುತ್ತೇನೆ ಎಂದುಕೊಂಡಿದ್ದಳು. ನಾನು ಅವಳಿಗೂ ಏನೂ ಹೇಳಿರಲಿಲ್ಲವಲ್ಲ.

ಸಂಜೆಯೊಳಗೆ ಅತ್ತೆಯ ಫೋನು ಇಳಕಲ್ಲಿಗೂ ಹುನಗುಂದಕ್ಕೂ ಮುಟ್ಟಿತು. ಐದನೆಯ ದಿನ ಆರತಿ. ಇಳಕಲ್ಲಿನಿಂದ ಮಗಳ ಸೋದರತ್ತೆ ಸಣ್ಣ ಅಳತೆಯದು ಸಿಗಲಿಲ್ಲವೆಂದು ದೊಡ್ಡ ಸೀರೆಯನ್ನೇ ತಂದಳು. ಅದನ್ನು ಎರಡು ಮಡಿಕೆ ಮಾಡಿ ಉಡಿಸಿದವಳು ನಾನೇ. ಸೆರಗು ನಿಲ್ಲಲಿಲ್ಲ, ಆರು ಪಿನ್ನು ಹಾಕಿದೆ. ಮಣೆಯ ಮೇಲೆ ಕೂತವಳ ಕಾಲು ಸೀರೆಯೊಳಗೆ ಎಲ್ಲಿವೆಯೋ ಕಾಣುತ್ತಿರಲಿಲ್ಲ.

"ನಿನ್ನ ಮಗಳು ನಿನಕಿಂತ ಭಾಳ ಲಗೂ ಅದಾಳ ನೋಡವಾ" ಎಂದು ಹುನಗುಂದದ ಚಿಕ್ಕತ್ತೆ ನಕ್ಕರು. "ಏನ್ ಉಣ್ಣಿಸ್ತಿದ್ದಿ? ನಮಗೂ ಹೇಳು."

ಇದನ್ನೆಲ್ಲ ನಿಲ್ಲಿಸಿ ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂತು. ಬಾಯಿ ತೆರೆದು, ಚಹಾ ಆಯಿತೇನ್ರಿ ಎಂದು ಕೇಳಿದೆ.

ಮರುದಿನ ಮುಂಜಾನೆ ಯಾರನ್ನೂ ಕೇಳದೆ ಮಗಳನ್ನು ಆಟೋದಲ್ಲಿ ಕೂಡಿಸಿದೆ. ಡಾಕ್ಟರರು ಬೈಯಲಿಲ್ಲ; ಬೈದಿದ್ದರೆ ಹಗುರಾಗುತ್ತಿತ್ತು. "ಈಗೂ ಕೊಡೂಣು, ಮೂರು ತಿಂಗಳಿಗೊಂದರಂಗ ಮೂರು ವರ್ಷ. ಮುಂದ ಆಗೂದು ನಿಲ್ತದ. ಆದ್ರ ಎಲುಬು ಆಗಲೇ ಬಲತಾವ, ಇನ್ನ ಎಷ್ಟು ಎತ್ತರ ಬೆಳೀತಾಳ ಹೇಳಾಕಾಗೂದಿಲ್ರಿ" ಎಂದರು.

ನರ್ಸು ಸೂಜಿ ಸಿದ್ಧ ಮಾಡುತ್ತಿದ್ದಾಗ ಮಗಳು ನನ್ನ ಸೆರಗು ಜಗ್ಗಿದಳು.

"ಇದು ಹಾಕಿದ್ರ ಅದು ಮತ್ತ ಬರೂದಿಲ್ಲೇನು?"

"ಮೂರು ವರ್ಷ ಬರೂದಿಲ್ಲ, ಪುಟ್ಟಿ."

"ಹಂಗಾದ್ರ ಆಯಿಗೆ ಹೇಳು ಮಮ್ಮಿ, ನಿನ್ನಿ ಆರತಿ ತಪ್ಪಾಗಿ ಆತು ಅಂತ. ಎಲ್ಲಾರಿಗೂ ಫೋನ್ ಮಾಡು ಅನ್ನು."

ನರ್ಸು ನಕ್ಕಳು. ನಾನು ಮಗಳ ಕಣ್ಣಿಗೆ ಕೈ ಅಡ್ಡ ಹಿಡಿದೆ. ಸೂಜಿ ಒಳಹೋಗುವಾಗ ಅವಳ ರೆಪ್ಪೆಗಳು ನನ್ನ ಅಂಗೈಯಲ್ಲಿ ಪಟಪಟ ಬಡಿದವು.

ಹೊರಗೆ ಬಂದಾಗ ನಮ್ಮ ಮನೆಯವರು ಸ್ಕೂಟರಿನೊಂದಿಗೆ ಗೇಟಿನಲ್ಲಿ ನಿಂತಿದ್ದರು, ಅತ್ತೆ ಕಳಿಸಿರಬೇಕು.

"ಹಾಕಿಸಿದೇನು?" ಎಂದರು.

"ಹಾಕಿಸಿದೆ."

"ಇನ್ನಷ್ಟು ವಿಚಾರ ಮಾಡಬೇಕಿತ್ತು."

"ಮಾಡ್ರಿ" ಎಂದೆ. ಮಗಳ ಕೈ ಹಿಡಿದು ಅವರನ್ನು ದಾಟಿ ಬಸ್ ಸ್ಟ್ಯಾಂಡಿನ ಕಡೆ ನಡೆದೆ.