ಎಂಟು ಗಂಟೆಯ ಚರಗ

ನೆಲೋಗಿಯ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಶಿವಕಾಂತಾ ಮಕ್ಕಳ ಹಸಿವನ್ನು ಅವರ ಮುಖ ನೋಡಿಯೇ ಹೇಳಬಲ್ಲಳು. ಮನೆಯಲ್ಲಿ ಮಾತ್ರ ಅವಳು ಗಡಿಯಾರದ ಆಳು. ಬೆಳಿಗ್ಗೆ ಎಂಟೂವರೆಗೆ ಅಣ್ಣನ ಮಗಳು ಶಿವಗಂಗಾ ಉಂಡು ಗುಳಿಗೆ ನುಂಗಬೇಕು. ಇಪ್ಪತ್ತೆರಡರ ಆ ಹುಡುಗಿಗೆ ಯಾರೂ ಇಲ್ಲದ ಕಡೆಯಿಂದ ದನಿಗಳು ಕೇಳಿಸುತ್ತವೆ. ಕಲಬುರಗಿಯ ಡಾಕ್ಟರು ಸ್ಕಿಜೋಫ್ರೇನಿಯಾ ಎಂದರು. ಆ ಹೆಸರು ಶಿವಕಾಂತಾಳ ನಾಲಿಗೆಗೆ ಹತ್ತಲಿಲ್ಲ; ಗುಳಿಗೆಯ ಹೊತ್ತು ಹತ್ತಿತು. ಎರಡು ವರ್ಷದಿಂದ ಗಂಗಾ ಅವಳ ಬಳಿಯೇ ಇದ್ದಾಳೆ.

ಹೋದ ವರ್ಷದ ಎಳ್ಳಮಾವಾಸ್ಯೆ ಕೆಟ್ಟಿತ್ತು. ಹೊಲದಲ್ಲಿ ಹಬ್ಬದಡುಗೆಯ ಚರಗ ಚೆಲ್ಲಿ ಭೂಮಿತಾಯಿಗೆ ಉಣಿಸುವ ತನಕ ಯಾರೂ ತುತ್ತು ಮುಟ್ಟುವಂತಿಲ್ಲ. ಚರಗಕ್ಕೆ ಹೊತ್ತು ನೆತ್ತಿಗೇರಬೇಕು. ಊಟ ತಡವಾಯಿತು, ಗುಳಿಗೆ ಮರೆತುಹೋಯಿತು, ಮೇಲೆ ನೆಂಟರ ಗದ್ದಲ. ಗಂಗಾ ಕಿವಿ ಮುಚ್ಚಿಕೊಂಡು ಜೋಳದ ಸಾಲಿನಲ್ಲಿ ಕೂತವಳು ಸಂಜೆಯವರೆಗೆ ಏಳಲಿಲ್ಲ. ಈ ಸಲ ಅವಳು ಎಲ್ಲರ ನಡುವೆ ಕೂತು ಉಣ್ಣಬೇಕು. ಶಿವಕಾಂತಾಳಿಗೆ ಬೇಕಾದದ್ದು ಅಷ್ಟೇ.

ಹಬ್ಬದ ಮುನ್ನಾದಿನ ಮನೆಯ ಹಿರಿಯ, ಭಾವ ಖಂಡಪ್ಪನ ಮುಂದೆ ನಿಂತಳು.

"ನಾಳಿ ಚರಗ ಎಂಟಕ್ಕ ಚೆಲ್ಲೂಣ್ರಿ."

"ಮುಂಜಾನಿ ಎಂಟಕ್ಕ? ಹಿಂಗ ಯಾರರ ಮಾಡ್ಯಾರೇನವ್ವಾ?"

"ಭೂಮಿತಾಯಿ ಈಗ ಬಸುರಿ ಅಂತೀರಿ, ಹೌದಿಲ್ರಿ?"

"ಹೌದು ಮತ್ತ."

"ಬಸುರಿ ಹೆಂಗಸಿಗಿ ಮಧ್ಯಾಹ್ನದ ತನಕ ಉಪಾಸ ಕೆಡವತಾರೇನ್ರಿ? ಅಕ್ಕ ಬಸುರಿದ್ದಾಗ ನೀವು ಮುಂಜಾನಿ ಏಳೋ ಪುರಸೊತ್ತಿಲ್ಲ, ಮಿರ್ಚಿ ತರಾಕ ಓಡತಿದ್ರಿ."

ಬಾಗಿಲ ಹಿಂದೆ ಖಂಡಪ್ಪನ ಹೆಂಡತಿ ಕಿಸಕ್ಕನೆ ನಕ್ಕಳು. ಖಂಡಪ್ಪ ತಲೆಯ ಮೇಲೆಯೇ ಇದ್ದ ಟೊಪ್ಪಿಗೆಯನ್ನು ಹುಡುಕತೊಡಗಿದ. "ಐದಕ್ಕ ಎಬ್ಬಸ್ರಿ ಹಂಗಾದ್ರ" ಎಂದ.

"ಎಂಟೂವರಿಗಿ ಉಣ್ಣಾಕ ಕೊಡಲಿಲ್ಲಂದ್ರ ನಾ ಮನಿಗಿ ಹೊಂಟೆ ನೋಡು ಅತ್ತಿ" ಎನ್ನುತ್ತಲೇ ಗಂಗಾ ಮರುದಿನ ಬೆಳಿಗ್ಗೆ ಹೊಲಕ್ಕೆ ಬಂದಳು. ಜೋಳದ ತೆನೆಗಳ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಶಿವಕಾಂತಾ ಮುಂದೆ, ಕೈಯಲ್ಲಿ ಚರಗದ ಬುಟ್ಟಿ. ಗಂಗಾ ಹಿಂದೆ, ಕೈಯಲ್ಲಿ ನೀರಿನ ತಂಬಿಗೆ. ಮುಂದಿನವರು ಚರಗದ ಕೂಗು ಹಾಕಬೇಕು, ಹಿಂದಿನವರು ಅದರ ಜೋಡಿ ಕೂಗಿನಿಂದ ಓಗೊಡಬೇಕು.

"ಹುಲ್ಲುಲ್ಲಿಗ್ಯೋ!" ಎಂದು ಶಿವಕಾಂತಾ ಕಾಳು-ಸೊಪ್ಪಿನ ಭಜ್ಜಿ ಕಲಸಿದ ರೊಟ್ಟಿ ಚೆಲ್ಲಿದಳು. ಹಿಂದಿನಿಂದ ದನಿ ಬರಲಿಲ್ಲ. ಮತ್ತೆ ಕೂಗಿದಳು. ಮೂರನೆಯ ಸಲಕ್ಕೆ ನೆಂಟರೆಲ್ಲ ನಿಂತೇಬಿಟ್ಟರು.

"ಅತ್ತಿ, ಯಾರಿಗಿ ಕೂಗಾಕತ್ತೀ?"

"ಭೂಮಿತಾಯಿಗಿ."

"ನನಗಂತೂ ಯಾರೂ ಕಾಣವಲ್ರು. ಮುಂದಿನ ತಿಂಗಳ ಡಾಕ್ಟರ ಕಡಿ ನಿನ್ನೂ ಕರಕೊಂಡ ಹೋಗತೇನಿ."

ನಗಬಹುದೋ ಬಾರದೋ ಯಾರಿಗೂ ತಿಳಿಯಲಿಲ್ಲ. ಶಿವಕಾಂತಾ ಬುಟ್ಟಿ ಇಳಿಸಿ, ಬದುವಿನ ಮೇಲೆ ಕೂತು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಆಮೇಲೆ ಖಂಡಪ್ಪ ನಕ್ಕ. ಆಮೇಲೆ ಇಡೀ ಹೊಲ.

"ಬರ್ತೇನಿ ಬೇ. ಬಸ್ಸಿನ್ಯಾಗ ಕಿಟಕಿ ಸೀಟ ನನಗ. ಈಗ ಜವಾಬ ಕೊಡು, ಗಂಟಲ ಒಣಗ್ಯಾದ."

"ಚಲ್ಲಂಬರಿಗ್ಯೋ!"

ಆಚೆ ಬದುವಿನ ಮೇಲಿದ್ದ ಬೆಳ್ಳಕ್ಕಿಗಳು ಒಮ್ಮೆಲೇ ಎದ್ದವು.

ಎಂಟೂವರೆಗೆ ಎಲ್ಲರೂ ದುಂಡಗೆ ಕೂತಿದ್ದರು. ಸಜ್ಜಿ ಕಡಬು ಮುಗಿಸಿದ ಗಂಗಾ ಯಾರೂ ನೆನಪಿಸದೆ ಗುಳಿಗೆ ನುಂಗಿದಳು. "ಮುಂದಿನ ವರ್ಷ ಏಳಕ್ಕ ಬರೂಣೇನು?" ಎಂದು ಖಂಡಪ್ಪ ತುಂಬಿದ ಬಾಯಲ್ಲೇ ಕೇಳಿದ.

ಮಧ್ಯಾಹ್ನವಾದರೂ ಗಂಗಾ ಮನೆಗೆ ಹೋಗುವ ಸುದ್ದಿ ಎತ್ತಲಿಲ್ಲ. ಆಗ ಪಕ್ಕದ ಹೊಲದವರ ಚರಗ ಶುರುವಾಯಿತು. ದೂರದಿಂದ ಕೂಗು ತೇಲಿ ಬಂದಿತು. ಅವಳು ತಲೆಯೆತ್ತಿ ಮೆಲ್ಲಗೆ ಕೇಳಿದಳು:

"ಅತ್ತಿ, ಅದು ನಿನಗೂ ಕೇಳಸ್ತೇನು?"

"ಕೇಳಸ್ತು ಗಂಗಾ. ಎಲ್ಲಾರಿಗೂ ಕೇಳಸ್ತು."

ಗಂಗಾ ಎದ್ದು ನಿಂತು, ಬಾಯಿಯ ಎರಡೂ ಬದಿಗೆ ಕೈ ಹಿಡಿದು, ಓಗೊಟ್ಟಳು.