ಮರಿಯಪ್ಪ ಮೇಸ್ತ್ರಿ ಒಡೆದ ಮೆಟ್ಟಿಲು

ಮರಿಯಪ್ಪ ಮೇಸ್ತ್ರಿ ಹೊಸ ಮೆಟ್ಟಿಲನ್ನು ಮೊದಲ ಸಲ ಹತ್ತುವಾಗ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿಕೊಂಡು ಹತ್ತುತ್ತಿದ್ದರು. ಎತ್ತರದಲ್ಲಿ ಅರ್ಧ ಬೆರಳು ಹೆಚ್ಚುಕಡಿಮೆಯಾದರೂ ಕಣ್ಣಿಗಿಂತ ಮೊದಲು ಅಂಗಾಲಿಗೆ ಗೊತ್ತಾಗುತ್ತದೆ ಎಂಬುದು ಅವರ ನಂಬಿಕೆ. ಮಾಗಡಿಯಲ್ಲಿ ನಮ್ಮ ಮನೆ ಕಟ್ಟಿದವರು ಅವರೇ. ಎಪ್ಪತ್ತರ ಹತ್ತಿರದ ವಯಸ್ಸು, ಕಿವಿಯ ಮೇಲೊಂದು ಪೆನ್ಸಿಲು, ಬಾಯಲ್ಲಿ ಎಲೆ ಅಡಿಕೆ. ಬಾಯಿ ತುಂಬಿದ್ದಾಗ ಏನು ಕೇಳಿದರೂ ಉತ್ತರವಿಲ್ಲ. ಅವರು ಉಗುಳಿ ಬರುವ ತನಕ ನಮ್ಮ ಮನೆಯ ದೊಡ್ಡ ತೀರ್ಮಾನಗಳೆಲ್ಲ ಕಾಯಬೇಕಿತ್ತು.

ಗೃಹಪ್ರವೇಶವಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಮಹಡಿಯ ಮೆಟ್ಟಿಲಿಗೂ ಗೋಡೆಗೂ ನಡುವೆ ಬಿರುಕು ಕಾಣಿಸಿತು. ಮೊದಲು ಬಸ್ ಟಿಕೆಟ್ ತೂರುವಷ್ಟಿತ್ತು. ದೀಪಾವಳಿ ಹೊತ್ತಿಗೆ ಬಾಚಣಿಗೆ ತೂರಿತು. ನಮ್ಮ ಯಜಮಾನರು ಎರಡು ಸಲ ಪುಟ್ಟಿ ಮೆತ್ತಿದರು, ಎರಡು ಸಲವೂ ಬಿಟ್ಟುಕೊಂಡಿತು. ಅತ್ತೆ ತಾರಸಿಯಲ್ಲಿ ಹಪ್ಪಳ ಒಣಗಿಸುವುದನ್ನೇ ನಿಲ್ಲಿಸಿ, ಮನೆ ಎರಡು ಪಾಲಾಗುತ್ತಿದೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದರು.

ಮೇಸ್ತ್ರಿಗೆ ಫೋನ್ ಮಾಡಿದೆವು. ಕಟ್ಟಿದವರು ತಪ್ಪು ಎಲ್ಲಿ ಒಪ್ಪಿಕೊಳ್ಳುತ್ತಾರೆ, ಸಿಮೆಂಟಿನ ಮೇಲೆ ಹಾಕುತ್ತಾರೆ ಎಂದು ನಾವು ಮಾತಾಡಿಕೊಂಡಿದ್ದೆವು. ಅವರು ಬಂದು ಕರಣೆಯ ಹಿಡಿಯಿಂದ ಕೆಳಗಿನ ಮೆಟ್ಟಿಲುಗಳನ್ನು ಕುಟ್ಟಿ ಕುಟ್ಟಿ ಕೇಳಿಸಿಕೊಂಡರು. ಆಮೇಲೆ ಅತ್ತೆಯ ಕೈಲಿ ಮೈದಾ ಅಂಟು ಮಾಡಿಸಿ, ಬಿರುಕಿನ ಮೇಲೆ ಮೂರು ಕಡೆ ಕಾಗದದ ಪಟ್ಟಿ ಅಂಟಿಸಿದರು. ಪಟ್ಟಿ ಹರಿದರೆ ಮೆಟ್ಟಿಲು ಇನ್ನೂ ಜರುಗುತ್ತಿದೆ ಎಂದರ್ಥ. ಹದಿನೈದು ದಿನ ಯಾರೂ ಮುಟ್ಟಬಾರದು ಎಂದು ಹೇಳಿ ಹೋದರು. ಅತ್ತೆ ಅಲ್ಲೇ ಕುರ್ಚಿ ಹಾಕಿಕೊಂಡು ಕಾವಲು ಕೂತರು. ಸಂಜೆಯ ಸೀರಿಯಲನ್ನೂ ಅಲ್ಲಿಂದಲೇ ಕತ್ತು ಚಾಚಿ ನೋಡಿದರು.

ಕೆಳಗಿನ ಎರಡು ಪಟ್ಟಿ ಹರಿದವು. ಮೇಸ್ತ್ರಿ ಎಲೆ ಅಡಿಕೆ ಉಗುಳಿ ಬಂದು ಮೆಟ್ಟಿಲ ಮೇಲೆ ಕುಳಿತರು.

"ತಪ್ಪು ನಂದೇ ಕಣವ್ವ. ಬುಡಕ್ಕೆ ಮಣ್ಣು ತುಂಬಿ, ನೀರ್ ಬುಟ್ಟು, ಒಸಿ ದಿನ ಕೂರಾಕೆ ಬುಡ್ಬೇಕಿತ್ತು. ದಿಮ್ಮಸು ಹೊಡ್ದು ಸರಿಯಾಗಿ ಗಟ್ಟಿನೂ ಮಾಡ್ಲಿಲ್ಲ. ಅದ್ಕೇ ಕುಸೀತಾ ಐತೆ."

ಯಜಮಾನರಿಗೆ ನಾಚಿಕೆಯಾಯಿತು. ಮುಹೂರ್ತ ಹತ್ತಿರ ಬಂತೆಂದು ದಿನಕ್ಕೆರಡು ಸಲ ಅವಸರಪಡಿಸಿದವರು ಅವರೇ. ಅದನ್ನು ಹೇಳಿಕೊಂಡಾಗ ಮೇಸ್ತ್ರಿ, "ಆತ್ರ ನಿಮ್ದು ಸ್ವಾಮಿ, ಕೆಲ್ಸ ನಂದು" ಎಂದರು.

ಮರುದಿನವೇ ಕೆಳಗಿನ ನಾಲ್ಕು ಮೆಟ್ಟಿಲು ಒಡೆದು, ಮಣ್ಣು ತೆಗೆದು, ಕಲ್ಲು ಹಾಸಿ ಮತ್ತೆ ಕಟ್ಟತೊಡಗಿದರು. ಅಷ್ಟೂ ದಿನ ಮಹಡಿಗೆ ಏಣಿಯೇ ಗತಿ. ಬಿರುಕಿಗೆ ಹೆದರಿ ಮೆಟ್ಟಿಲು ಹತ್ತದಿದ್ದ ಅತ್ತೆ, ಏಣಿ ಬಂದ ಮೇಲೆ ಹಪ್ಪಳದ ಮೊರ ಹಿಡಿದು ಹೊರಟುಬಿಟ್ಟರು. ಮೇಸ್ತ್ರಿ ಕೆಲಸ ನಿಲ್ಲಿಸಿ, ಅವರು ಇಳಿಯುವವರೆಗೂ ಏಣಿ ಹಿಡಿದು ನಿಂತರು.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಬಸ್ ಸ್ಟ್ಯಾಂಡಿನಲ್ಲಿ. ಗುಡೇಮಾರನಹಳ್ಳಿಗೆ ಹೊರಟಿದ್ದರು. ನಮ್ಮ ಮನೆ ಕಟ್ಟಿದ ವರ್ಷವೇ ಅಲ್ಲಿಯೂ ಒಂದು ಮನೆಯನ್ನು ಹೀಗೇ ಅವಸರದಲ್ಲಿ ಕಟ್ಟಿದ್ದರಂತೆ. ಆ ಮನೆಯವರೂ ಕರೆದರೇ ಎಂದು ಕೇಳಿದೆ.

"ಅವ್ರಿಗಿನ್ನೂ ಗೊತ್ತಿಲ್ಲ ಕಣವ್ವ. ಬಿರುಕು ಬುಡೋಕ್ ಮುಂಚೆ ನಾನೇ ಹೇಳ್ಬೇಕಲ್ವಾ" ಎಂದು ಬಸ್ ಹತ್ತಿದರು.

ಮುಂದಿನ ಆಷಾಢದಲ್ಲಿ ಅವರು ತೀರಿಕೊಂಡರು. ತಿಥಿಯ ಊಟಕ್ಕೆ ಕುಳಿತಾಗ ನನ್ನ ಪಕ್ಕದಲ್ಲಿದ್ದವರು ಗುಡೇಮಾರನಹಳ್ಳಿಯ ಆ ಮನೆಯವರೇ. ಚೆನ್ನಾಗಿದ್ದ ಮೆಟ್ಟಿಲು ಒಡೆಯಬೇಕೆಂದು ಬಂದ ಮುದುಕರನ್ನು ಅಂದು ಬೈದು ಕಳಿಸಿದ್ದರಂತೆ. ಮನಸ್ಸು ತಡೆಯದೆ ಮೂರನೆಯ ದಿನ ತಾವೇ ಹೋಗಿ ಕರೆತಂದರಂತೆ. ಒಡೆದು ನೋಡಿದಾಗ ಒಳಗೆ ಇಷ್ಟು ಟೊಳ್ಳಿತ್ತು ಎಂದು, ಊಟದೆಲೆಯ ಮೇಲೆ ಗೇಣಗಲ ಕೈ ಚಾಚಿ ತೋರಿಸಿದರು.