ಹೊಸ ಯಂತ್ರ ಅಳೆದ ತೊಡೆ

ಸೋಲೋ ಊರಿನ ಮಾರುಕಟ್ಟೆಯಲ್ಲಿ ಬೆನ್ನಿಗೆ ಬಟ್ಟೆ ಬಿಗಿದು ಮೂಟೆ ಹೊತ್ತೇ ಮುದುಕಿಯಾದ ಸುಗಿಯೆಮ್‌ಳ ಕಾಲುಗಳು ಬಲಗುಂದಿದವು. ಆಸ್ಪತ್ರೆಯವರು ತೊಡೆಯ ಸ್ಕ್ಯಾನ್ ಮಾಡಿ ವ್ಯಾಯಾಮ ಹೇಳಿಕೊಟ್ಟರು. ವರ್ಷವಿಡೀ ಅವಳು ತಪ್ಪಿಸಲಿಲ್ಲ. ಬಾವಿಯ ನೀರನ್ನು ಮತ್ತೆ ತಾನೇ ಹೊತ್ತು ತರುವಂತಾದಳು. ಆದರೆ ಎರಡನೆಯ ಸ್ಕ್ಯಾನ್ ನೋಡಿದ ಡಾಕ್ಟರು, "ಮಾಂಸಖಂಡ ಮೊದಲಿಗಿಂತ ಇನ್ನಷ್ಟು ಕರಗಿದೆಯಲ್ಲ ಅಜ್ಜಿ," ಎಂದರು.

"ಹಾಗಾದ್ರೆ ಇಷ್ಟು ದಿನ ಮೈ ಮುರಿದದ್ದೆಲ್ಲ ದಂಡ," ಎಂದು ಸುಗಿಯೆಮ್ ವ್ಯಾಯಾಮ ಬಿಟ್ಟಳು. ಮಳೆಗಾಲ ಕಳೆಯುವಷ್ಟರಲ್ಲಿ ಹಾಸಿಗೆ ಹಿಡಿದಳು.

ಆಗ ಡಾಕ್ಟರು ಮನೆಗೇ ಬಂದರು. "ತಪ್ಪಾಯ್ತು ಅಜ್ಜಿ. ಎರಡನೇ ಸಲ ಮಾಡಿದ್ದು ಹೊಸ ಮಷಿನ್ನಲ್ಲಿ. ಅದು ಎಲ್ಲರದ್ದೂ ಕಮ್ಮಿ ತೋರಿಸುತ್ತೆ, ಹಳೇದರ ಜೊತೆ ಹೋಲಿಸಬಾರದಿತ್ತು. ನಿಮ್ಮ ಕಾಲು ನಿಜವಾಗ್ಲೂ ಗಟ್ಟಿಯಾಗಿತ್ತು."

"ನಂಗೂ ಹಾಗೇ ಅನ್ಸಿತ್ತು ಡಾಕ್ಟ್ರೇ. ಆದ್ರೆ ನನ್ನ ಕಾಲಿಗಿಂತ ನಿಮ್ಮ ಮಾತನ್ನೇ ನಂಬಿದೆ," ಎಂದ ಸುಗಿಯೆಮ್, ಮಗ್ಗುಲು ಬದಲಿಸಿಕೊಳ್ಳಲು ಸೊಸೆಯನ್ನು ಕೂಗಿದಳು.